ಕೈಹೊಲಿಗೆಯ ಕೌದಿ ಉಡುಗೊರೆಯಾಗಿ ಬಂದಾಗ

ಕೌದಿ ಹೊಲಿದು ಕೊಡುವವರಿಗೆ ಕೇಳಿ ಕೇಳಿ ಸಾಕಾಗಿರುವ ಮಾತೊಂದಿದೆ. “ಅಯ್ಯೋ, ಎಷ್ಟು ಚೆನ್ನಾಗಿದೆ! ಇದನ್ನ ಹೊದ್ಕೊಳ್ಳೋಕೆ ಮನಸ್ಸೇ ಬರಲ್ಲ, ಜೋಪಾನವಾಗಿ ಎತ್ತಿಡ್ತೀನಿ.” ಹೇಳುವವರದು ಪ್ರೀತಿಯೇ, ಅನುಮಾನವಿಲ್ಲ. ಆದರೆ ತಿಂಗಳುಗಟ್ಟಲೆ ಕೂತು ಹೊಲಿದದ್ದು ಇನ್ನು ಬೀರುವಿನ ಮೇಲಿನ ಅರೆಯಲ್ಲೇ ಉಳಿಯುತ್ತದೆ ಅಂತ ಕೊಟ್ಟವರಿಗೆ ಕೇಳಿಸುತ್ತದೆ. ಬಟ್ಟೆ ಆರಿಸುವಾಗಲೇ ಅವರು ಇದು ಒಗೆತಕ್ಕೆ ತಡೆದೀತೇ, ಬಣ್ಣ ಬಿಟ್ಟೀತೇ, ಅಂಚು ಸವೆದರೆ ಬದಲಿಸಲು ಬಂದೀತೇ ಎಂದು ಯೋಚಿಸಿರುತ್ತಾರೆ. ಅವರು ಮಾಡಿದ್ದು ಬಳಸುವ ವಸ್ತು. ಕೌದಿಗೆ ಒಳ್ಳೆಯ ಪ್ರತಿಕ್ರಿಯೆ ಎಂದರೆ ಅದನ್ನು ಸರಿಯಾಗಿ ನೋಡುವುದು, ಹೊದೆಯುವುದು, ಕೊಳೆಯಾದಾಗ ಹೆದರದೆ ಒಗೆಯುವುದು. ಈ ಮೂರಕ್ಕೂ ಸ್ವಲ್ಪ ತಿಳಿವಳಿಕೆ ಬೇಕು, ಅಷ್ಟೆ.

ಮೊದಲು ಪೂರ್ತಿ ಬಿಚ್ಚಿ. ಮಡಿಕೆಯ ಮೇಲೆ ಕೈಯಾಡಿಸಿ, “ತುಂಬಾ ಥ್ಯಾಂಕ್ಸ್” ಅಂದು ಪಕ್ಕಕ್ಕಿಟ್ಟುಬಿಡುವವರೇ ಹೆಚ್ಚು. ಮಂಚದ ಮೇಲೆ ಹರಡಿ, ಇಲ್ಲವೇ ಇಬ್ಬರು ಎರಡು ಮೂಲೆ ಹಿಡಿದು ನಿಲ್ಲಿ. ನಾಲ್ಕಾರು ಹೆಜ್ಜೆ ಹಿಂದೆ ಸರಿದಾಗಲೇ ವಿನ್ಯಾಸ ಪೂರ್ತಿ ಕಾಣುವುದು. ಗಾಢ ಬಣ್ಣದ ತುಂಡುಗಳು ಎಲ್ಲಿಂದ ಎಲ್ಲಿಗೆ ಹರಿದಿವೆ ಎಂಬುದು ಹತ್ತಿರದಿಂದ ಗೊತ್ತೇ ಆಗುವುದಿಲ್ಲ. ಆಮೇಲೆ ಮಗುಚಿ ಹಿಂಬದಿ ನೋಡಿ. ಹೊಲಿಯುವವರು ಇನ್ನೊಬ್ಬರ ಕೌದಿ ಕೈಗೆತ್ತಿಕೊಂಡಾಗ ಮೊದಲು ಮಾಡುವ ಕೆಲಸವೇ ಇದು. ಮೇಲ್ಪದರ, ನಡುವಿನ ಹತ್ತಿ, ಕೆಳಗಿನ ಅಸ್ತರು, ಈ ಮೂರನ್ನೂ ಒಂದೇ ದಾರ ಹಿಡಿದಿರುತ್ತದೆ. ಮೇಲ್ಗಡೆ ಚೆಂದ ಕಂಡ ಹೊಲಿಗೆ ಹಿಂದುಗಡೆ ಅರ್ಧಂಬರ್ಧ ಸಿಕ್ಕಿದೆಯೋ, ಅಲ್ಲೂ ಅಷ್ಟೇ ಸಮವಾಗಿದೆಯೋ ಎಂಬುದರಲ್ಲಿ ಕೈಯ ಪಳಗಿಕೆ ಕಾಣುತ್ತದೆ. ನೀವು ಹಿಂಬದಿ ತಿರುಗಿಸಿದ್ದನ್ನು ಕಂಡರೇ ಕೊಟ್ಟವರ ಮುಖ ಅರಳುತ್ತದೆ.

ಒಂದು ಲೆಕ್ಕ ಹಾಕೋಣ. ಒಬ್ಬರು ಧಾರಾಳವಾಗಿ ಹೊದೆಯುವ ಕೌದಿ, 60 ಇಂಚು ಅಗಲ, 80 ಇಂಚು ಉದ್ದ ಅನ್ನಿ. ಮೇಲ್ಪದರದಲ್ಲಿ 5 ಇಂಚಿನ ಚೌಕಗಳಿದ್ದರೆ ಅಡ್ಡಕ್ಕೆ 12, ಉದ್ದಕ್ಕೆ 16, ಒಟ್ಟು 192 ತುಂಡು. ಒಂದೊಂದನ್ನೂ ಸುತ್ತ ಕಾಲಿಂಚು ಬಿಟ್ಟು ಐದೂವರೆ ಇಂಚಿಗೆ ಕತ್ತರಿಸಿರುತ್ತಾರೆ. ಆ ಕಾಲಿಂಚಿನಲ್ಲಿ ಬರೀ ಒಂದೂವರೆ ಮಿಲಿಮೀಟರ್ ಹೆಚ್ಚಾಗಿ ಹಿಡಿದು ಹೊಲಿದರೂ ಒಂದು ಜೋಡಿಗೆ, ಎರಡೂ ಕಡೆ ಸೇರಿ, ಮೂರು ಮಿಲಿಮೀಟರ್ ಹೋಗುತ್ತದೆ. ಸಾಲಿನ 12 ತುಂಡುಗಳ ನಡುವಿನ 11 ಜೋಡು ಮುಗಿಯುವಷ್ಟರಲ್ಲಿ ಒಂದೂಕಾಲು ಇಂಚಿಗೂ ಮಿಕ್ಕಿ ಅಗಲ ಕಡಿಮೆ ಬಿದ್ದಿರುತ್ತದೆ. ಸರಿಯಾಗಿ ಹೊಲಿದ ಪಕ್ಕದ ಸಾಲಿನೊಡನೆ ಅದು ಕೂಡುವುದೇ ಇಲ್ಲ. ಆದ್ದರಿಂದ ನಾಲ್ಕು ಚೌಕಗಳ ಮೂಲೆಗಳು ಒಂದೇ ಚುಕ್ಕೆಯಲ್ಲಿ ಸೇರಿವೆಯೇ ನೋಡಿ. ಸೇರಿದ್ದರೆ ಬಾಯಿಬಿಟ್ಟು ಹೇಳಿ.

ಇದು ಮೇಲ್ಪದರವಾಯಿತು. ಇನ್ನು ಮೂರೂ ಪದರ ಹಿಡಿಯುವ ಹೊಲಿಗೆ. ಎರಡೆರಡು ಇಂಚಿಗೆ ಒಂದು ಸಾಲಿನಂತೆ ಉದ್ದಕ್ಕೆ ಹಾಕಿದರೆ ಸುಮಾರು 30 ಸಾಲು, 2,400 ಇಂಚು, ಎಂದರೆ 60 ಮೀಟರಿಗೂ ಮಿಕ್ಕಿ. ಇಂಚಿಗೆ 6 ಹೊಲಿಗೆ ಹಿಡಿದರೆ 14,400. ಅಡ್ಡ ಸಾಲುಗಳೂ ಇದ್ದರೆ ಇದರ ಎರಡರಷ್ಟು. ದಾರವನ್ನು 18 ಇಂಚಿಗಿಂತ ಉದ್ದ ತೆಗೆದುಕೊಂಡರೆ ಬಟ್ಟೆಯಲ್ಲಿ ಹಾದು ಹಾದು ಎಳೆ ನವೆಯುತ್ತದೆ, ಸಿಕ್ಕಾಗುತ್ತದೆ. ಹಾಗಾಗಿ ಒಂದು ಎಳೆಯಲ್ಲಿ 12 ಇಂಚು ಹೊಲಿಗೆ ಮುಗಿದರೆ ಪುಣ್ಯ. ಬರೀ ಉದ್ದ ಸಾಲುಗಳಿಗೇ 200 ಎಳೆ, ಶುರುವಿಗೊಂದು ಕೊನೆಗೊಂದು ಎಂದರೆ 400 ಗಂಟು.

ಆ 400 ಗಂಟುಗಳಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತಿದೆಯೇ ಹುಡುಕಿ. ಸಿಗುವುದು ಕಷ್ಟ. ದಾರದ ತುದಿಗೆ ಸಣ್ಣ ಗಂಟು ಹಾಕಿ, ಹೊಲಿಗೆ ಶುರುವಾಗಬೇಕಾದ ಜಾಗದಿಂದ ಮುಕ್ಕಾಲು ಇಂಚು ಆಚೆ ಸೂಜಿ ಚುಚ್ಚಿ, ನಡುವಿನ ಪದರದಲ್ಲೇ ಸಾಗಿಸಿ, ಬೇಕಾದಲ್ಲಿ ಮೇಲೆ ತೆಗೆದು ಎಳೆಯುತ್ತಾರೆ. ಗಂಟು ಬಟ್ಟೆಯ ಮೇಲೆ ಒಂದು ಕ್ಷಣ ತಡೆದು, ‘ಟಪ್’ ಎಂದು ಒಳಗಿಳಿದು ಹತ್ತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದರೆ ಹತ್ತಿಯನ್ನೂ ದಾಟಿ ಹೊರಗೇ ಬಂದುಬಿಡುತ್ತದೆ, ಇಲ್ಲವೇ ದಾರ ಕಡಿಯುತ್ತದೆ. ಮೆಲ್ಲಗೆ ಎಳೆದರೆ ಗಂಟು ಮೇಲೆಯೇ ಕೂರುತ್ತದೆ. ಆ ಹದ ಬೆರಳಿಗೆ ಬರುವ ತನಕ ಎಷ್ಟು ಎಳೆ ಹಾಳಾದವೋ ಹೊಲಿದವರಿಗೇ ಗೊತ್ತು.

ಹೊಲಿಗೆ ಎಷ್ಟು ಸಣ್ಣದು ಎಂದು ಎಣಿಸುವ ಆಸೆಯಾದರೆ ಮೇಲ್ಗಡೆ ಕಾಣುವ ಹೊಲಿಗೆಗಳನ್ನು ಮಾತ್ರ ಎಣಿಸಬೇಕು. ಇಂಚಿಗೆ 8ರಿಂದ 10 ಬಂದರೆ ಪಳಗಿದ ಕೈ. 5 ಅಥವಾ 6 ಬಂದರೂ ಕೆಲಸ ಗಟ್ಟಿಯೇ. ಒಳಪದರ ದಪ್ಪವಿದ್ದಾಗ ಅದಕ್ಕಿಂತ ಸಣ್ಣಗೆ ಹಾಕಲು ಸೂಜಿ ಬಗ್ಗುವುದಿಲ್ಲ. ದಪ್ಪ ಬಣ್ಣದ ದಾರದಲ್ಲಿ, ಕಾಣಲೆಂದೇ ಇಂಚಿಗೆ 3-4 ಹಾಕುವ ರೀತಿಯೂ ಇದೆ. ಹೊಲಿಗೆ ಸಣ್ಣದಿರುವುದಕ್ಕಿಂತ ಹೊಲಿಗೆಯೂ ನಡುವಿನ ಬಿಡುವೂ ಒಂದೇ ಅಳತೆಯಲ್ಲಿರುವುದು ಕಷ್ಟದ ಕೆಲಸ. ಸಾಲು ಬಿಡುವಿಲ್ಲದ ಒಂದೇ ಗೆರೆಯಂತೆ ಕಂಡರೆ ಅದು ಮಷಿನ್ ಹೊಲಿಗೆ. “ಓ, ಮಷಿನ್ನಾ?” ಅಂತ ರಾಗ ಎಳೆಯಬೇಡಿ. ಅಷ್ಟು ದೊಡ್ಡ, ದಪ್ಪ ಬಟ್ಟೆಯನ್ನು ಸುರುಳಿ ಸುತ್ತಿ ಮಷಿನ್ನಿನ ಕಿರಿದಾದ ಕಂಡಿಯಲ್ಲಿ ತೂರಿಸಿ, ಹಿಂದೆ ಅಸ್ತರು ಎಲ್ಲೂ ಸುಕ್ಕು ಸಿಕ್ಕದ ಹಾಗೆ ಸಾಗಿಸುವುದು ಭುಜ ನೋಯಿಸುವ ಕೆಲಸ.

ಏನು ಹೇಳಬೇಕು ಎಂಬುದಕ್ಕೆ ಇಷ್ಟು ನೋಡಿದ ಮೇಲೆ ಹುಡುಕಾಡುವ ಹಾಗಿಲ್ಲ. “ಸೂಪರ್” ಅನ್ನುವುದಕ್ಕಿಂತ “ಈ ಹಳದಿ ಪಕ್ಕ ಈ ಬೂದು ಬಣ್ಣ ಇಡಬೇಕು ಅಂತ ಹೇಗೆ ಹೊಳೀತು?” ಎಂದು ಕೇಳುವುದು ಸಾವಿರ ಪಾಲು ಮೇಲು. ಯಾವ ತುಂಡು ಎಲ್ಲಿಯದು, ಯಾವುದು ಸಾಲದೆ ಬಂತು, ಯಾವ ಸಾಲನ್ನು ಬಿಚ್ಚಿ ಮತ್ತೆ ಹೊಲಿದಿದ್ದು, ಇವನ್ನು ಕೇಳಿ. ಉತ್ತರ ಉದ್ದವಾಗಿರುತ್ತದೆ, ಕೂತು ಕೇಳಿ. ಕಣ್ಣಲ್ಲಿ ನೀರು ಬಂದರೆ ಬರಲಿ, ಒರೆಸಿಕೊಳ್ಳುವ ಅವಸರ ಬೇಡ. ಮಾತು ಬಾರದವರು ಕೌದಿಯನ್ನು ಅಲ್ಲೇ ಹೆಗಲ ಮೇಲೆ ಎಳೆದುಕೊಂಡು ಕೂತರೂ ಆಯಿತು. ಅದಕ್ಕಿಂತ ಚೆನ್ನಾಗಿ ಹೇಳುವ ಮಾತಿಲ್ಲ.

ಹೇಳಬಾರದ್ದು ಕೆಲವಿವೆ. “ಇದನ್ನ ಮಾರಿದ್ರೆ ಎಷ್ಟು ಬರಬಹುದು?” ಎನ್ನುವುದು ಹೊಗಳಿಕೆಯಲ್ಲ. “ನಿಮಗೆ ಇಷ್ಟೊಂದು ಟೈಮ್ ಇರುತ್ತಲ್ಲಾ” ಅನ್ನುವುದಂತೂ ಬೈಗುಳಕ್ಕೆ ಸಮ. “ನಮ್ಮ ತಂಗಿಗೂ ಒಂದು ಮಾಡಿಕೊಡಿ” ಎಂಬುದನ್ನು ಅದೇ ದಿನ ಕೇಳಬೇಡಿ. ಸಾಧ್ಯವಾದರೆ ಯಾವತ್ತೂ ಕೇಳಬೇಡಿ. ಬಣ್ಣ ನಿಮಗೆ ಹಿಡಿಸಲಿಲ್ಲವೇ? ಸುಳ್ಳು ಹೇಳದೆಯೂ ದಾರಿಯಿದೆ. ಹೊಲಿಗೆಯ ಬಗ್ಗೆ, ಮೆತ್ತಗಿರುವುದರ ಬಗ್ಗೆ, ತೂಕದ ಬಗ್ಗೆ ಹೇಳಿ. ಅಸ್ತರಿನ ಬಟ್ಟೆ ಇಷ್ಟವಾದರೆ ಅದನ್ನೇ ಮೇಲ್ಮಾಡಿ ಹೊದೆಯಿರಿ, ಯಾರೂ ಬೇಡವೆನ್ನುವುದಿಲ್ಲ.

ಕೊಡುವವರದೂ ಒಂದು ಚಾಳಿ ಉಂಟು. ನೀವು ಹೊಗಳುವ ಮೊದಲೇ “ಇಲ್ಲಿ ನೋಡಿ, ಈ ಮೂಲೆ ಸ್ವಲ್ಪ ಸರಿದುಬಿಟ್ಟಿದೆ” ಎಂದು ತಪ್ಪಿಗೆ ಬೆರಳಿಟ್ಟು ತೋರಿಸುತ್ತಾರೆ. “ಹೌದಲ್ಲಾ!” ಎಂದು ಬಗ್ಗಿ ನೋಡಲು ಹೋಗಬೇಡಿ. ಕೌದಿಯಲ್ಲಿ ಬೇಕೆಂದೇ ಒಂದು ತಪ್ಪು ಬಿಡುತ್ತಾರೆ ಎಂಬ ಮಾತು ಕೇಳಿಬರುತ್ತದೆ. ಹೊಲಿಯುವ ಯಾರನ್ನೇ ಕೇಳಿ, ಬೇಕೆಂದು ಒಂದನ್ನು ಸೇರಿಸುವ ಅಗತ್ಯ ಅವರಿಗೆ ಬಿದ್ದಿರುವುದಿಲ್ಲ.

ಅವರು ಹೊರಡುವ ಮೊದಲು ನಾಲ್ಕು ವಿಷಯ ಕೇಳಿಟ್ಟುಕೊಳ್ಳಿ, ಮುಂದೆ ಒಗೆಯುವಾಗ ಇವೇ ಬೇಕಾಗುವುದು. ಬಟ್ಟೆಗಳನ್ನು ಹೊಲಿಯುವ ಮೊದಲು ಒಗೆದಿದ್ದರೇ? ಒಳಗಿರುವುದು ಹತ್ತಿಯೋ, ಪಾಲಿಯೆಸ್ಟರೋ, ಉಣ್ಣೆಯೋ, ಹಳೆ ಬಟ್ಟೆಯ ಪದರಗಳೋ? ರೇಷ್ಮೆಯ ತುಂಡು ಎಲ್ಲಾದರೂ ಸೇರಿದೆಯೇ? ಗುರುತು ಹಾಕಲು ಯಾವ ಪೆನ್ನು ಬಳಸಿದರು? ಜೊತೆಗೆ ಮಿಕ್ಕ ಬಟ್ಟೆಯ ಎರಡು ಮೂರು ತುಂಡು, ಒಂದಿಷ್ಟು ದಾರ ಕೇಳಿ ತೆಗೆದುಕೊಳ್ಳಿ. ರಿಪೇರಿಗೆ ಎಂದರೆ ಅವರಿಗೆ ಖುಷಿಯೇ ಆಗುತ್ತದೆ, ಬಳಸುತ್ತೀರಿ ಎಂದು ಗೊತ್ತಾಯಿತಲ್ಲ. ಹಿಂಬದಿಯ ಮೂಲೆಯಲ್ಲಿ ಹೆಸರಿನ ಪಟ್ಟಿ ಇಲ್ಲದಿದ್ದರೆ ಒಂದು ಬರೆಸಿ. ಬಿಳಿ ಹತ್ತಿಬಟ್ಟೆಯ ಅಂಗೈಯಗಲದ ತುಂಡು ಸಾಕು; ನೀರಿಗೆ ಅಳಿಯದ ಸಣ್ಣ ಮೊನೆಯ ಪೆನ್ನಿನಲ್ಲಿ ಹೊಲಿದವರ ಹೆಸರು, ಯಾರಿಗೆ, ಯಾವ ವರ್ಷ, ಒಳಗೆ ಏನಿದೆ ಎಂದು ಬರೆದು, ಒಣಗಿದ ಮೇಲೆ ಇಸ್ತ್ರಿ ಹಾಯಿಸಿ, ಸುತ್ತ ಹೆಮ್ಮಿಂಗ್ ಹಾಕಿ. ಪಟ್ಟಿಯಿಲ್ಲದ ಕೌದಿ ಇಪ್ಪತ್ತು ವರ್ಷದ ಮೇಲೆ ಯಾರದೆಂದು ಮನೆಯವರಿಗೇ ಗೊತ್ತಿರುವುದಿಲ್ಲ.

ಹೊದೆಯುವ ಮೊದಲು ಒಂದು ಅಯಸ್ಕಾಂತವನ್ನು ಎರಡೂ ಬದಿ ನಿಧಾನವಾಗಿ ಆಡಿಸಿ. ಮೂರು ಪದರಗಳನ್ನು ಹೊಲಿಗೆಗೆ ಮುಂಚೆ ಜಾರದಂತೆ ಹಿಡಿದಿಡಲು ನೂರಾರು ಸೇಫ್ಟಿ ಪಿನ್ನು, ಗುಂಡುಪಿನ್ನು ಹಾಕಿರುತ್ತಾರೆ. ಎಷ್ಟೇ ಎಚ್ಚರದ ಕೈಯಾದರೂ ಒಂದು ಪಿನ್ನು ಅಂಚಿನೊಳಗೆ ಉಳಿದಿರಬಹುದು. ಇದಕ್ಕೆ ಬೇಜಾರು ಪಡುವವರಿಲ್ಲ.

ನೀಲಿ ಅಥವಾ ನೇರಳೆ ಗೆರೆ ಉಳಿದಿದ್ದರೆ ಅದು ಗುರುತಿನ ಪೆನ್ನು. ಅದರ ಮೇಲೆ ಇಸ್ತ್ರಿ ಇಡಬೇಡಿ, ಸೋಪೂ ಹಾಕಬೇಡಿ. ನೀರಿಗೆ ಹೋಗುವ ಶಾಯಿ ಬಿಸಿ ತಾಕಿದರೆ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತುಬಿಡಬಹುದು. ಬರೀ ತಣ್ಣೀರಿನಲ್ಲಿ ಧಾರಾಳವಾಗಿ ನೆನೆಸಿ ಜಾಲಿಸಿದರೆ ಹೋಗುತ್ತದೆ. ಇಸ್ತ್ರಿಯ ಬಿಸಿಗೆ ಮಾಯವಾಗುವ ಇನ್ನೊಂದು ಬಗೆಯ ಪೆನ್ನಿದೆ. ಕೊರೆಯುವ ಚಳಿಯಲ್ಲಿ ಅದರ ಗೆರೆ ಮತ್ತೆ ಮೂಡುತ್ತದೆ. ಹಾಗಾದರೆ ಕೌದಿ ಕೆಟ್ಟಿತೆಂದು ಗಾಬರಿಯಾಗಬೇಡಿ, ಮತ್ತೆ ಬಿಸಿ ತಾಗಿಸಿದರೆ ಮರೆಯಾಗುತ್ತದೆ. ಹಿಂಬದಿಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕಂದು ಚುಕ್ಕೆ ಕಂಡರೆ ಅದು ಬಹುತೇಕ ರಕ್ತ. ಸೂಜಿ ಮೂರೂ ಪದರ ದಾಟಿತೇ ಎಂದು ತಿಳಿಯಲು ಕೆಳಗಡೆ ಒಂದು ಬೆರಳು ಸದಾ ಕಾಯುತ್ತಿರುತ್ತದೆ, ಪ್ರತಿ ಹೊಲಿಗೆಗೂ ಮೊನೆ ಅದನ್ನು ಮುಟ್ಟುತ್ತದೆ. ತಣ್ಣೀರು ಹಚ್ಚಿ ಒತ್ತಿ ತೆಗೆಯಿರಿ. ಬಿಸಿನೀರು ತಾಗಿದರೆ ರಕ್ತದ ಕಲೆ ಗಟ್ಟಿಯಾಗುತ್ತದೆ.

ಇನ್ನು ಒಗೆತ. ಜನ ಕೌದಿಯನ್ನು ಎತ್ತಿಡಲು ನಿಜವಾದ ಕಾರಣ ಇದರ ಭಯವೇ. ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಬಣ್ಣ ಬಿಡುವುದು, ಅದರಲ್ಲೂ ಗಾಢ ಕೆಂಪು, ಕಡುನೀಲಿ, ಕಪ್ಪು. ಬಿಳಿ ಬಟ್ಟೆಯ ಚೂರನ್ನು ನೆನೆಸಿ, ಹಿಂಡಿ, ಅಂಥ ತುಂಡುಗಳ ಮೇಲೆ ಒಂದೊಂದೇ ಕಡೆ ಅರ್ಧ ನಿಮಿಷ ಒತ್ತಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿತೆಂದರೆ ಆ ಕೌದಿಯನ್ನು ನೆನೆಹಾಕಿ ಬಿಟ್ಟುಹೋಗುವ ಹಾಗಿಲ್ಲ. ತಣ್ಣೀರಿನಲ್ಲಿ ಬೇಗ ಒಗೆದು ಬೇಗ ಹರಡಬೇಕು. ಮಡಿಕೆಯಲ್ಲಿ ಒದ್ದೆಯಾಗಿ ಕೂತಾಗಲೇ ಪಕ್ಕದ ಬಿಳಿಗೆ ಬಣ್ಣ ಇಳಿಯುವುದು. ಉಪ್ಪು ಹಾಕಿದರೆ, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಬಣ್ಣ ಕಟ್ಟಿ ಮಾರಾಟಕ್ಕೆ ಬಂದ ಹತ್ತಿಬಟ್ಟೆಗೆ ಮನೆಯಲ್ಲಿ ಹೀಗೆ ಮಾಡಿ ಪ್ರಯೋಜನವಿಲ್ಲ.

ಅಷ್ಟಾದರೂ ಬಿಳಿಯ ಮೇಲೆ ಗುಲಾಬಿ ಛಾಯೆ ಕಂಡಿತೋ, ಒಣಗಲು ಮಾತ್ರ ಬಿಡಬೇಡಿ. ಒದ್ದೆಯಿರುವಾಗಲೇ ದೊಡ್ಡ ಟಬ್ಬಿನ ತುಂಬ ನೀರಿಗೆ ಒಂದಿಷ್ಟು ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಕೌದಿ ಪೂರ್ತಿ ಮುಳುಗಿಸಿ, ನೀರು ಬಣ್ಣವಾದ ಹಾಗೆಲ್ಲ ಚೆಲ್ಲಿ ಹೊಸ ನೀರು ತುಂಬಿ. ಬಿಟ್ಟ ಬಣ್ಣ ಬಟ್ಟೆಗೆ ಅಂಟುವ ಬದಲು ನೀರಿನಲ್ಲೇ ಉಳಿಯಲು ನೀರು ಹೆಚ್ಚಿರಬೇಕು. ನೀರು ತಿಳಿಯಾಗುವ ತನಕ ಇದೇ ಕೆಲಸ. ಒಮ್ಮೆ ಒಣಗಿ, ಮೇಲೆ ಇಸ್ತ್ರಿಯನ್ನೂ ಹಾಯಿಸಿದಿರೆಂದರೆ ಆ ಕಲೆ ತೆಗೆಯುವುದು ಬಹಳ ಕಷ್ಟ.

ಬಣ್ಣದ ತೊಂದರೆಯಿಲ್ಲದ ಹತ್ತಿ ಕೌದಿಗೆ ವಾಷಿಂಗ್ ಮಷಿನ್ ಧಾರಾಳವಾಗಿ ಆಗುತ್ತದೆ. ತಣ್ಣೀರು, ಹೆಚ್ಚೆಂದರೆ 30 ಡಿಗ್ರಿ. ನಾಜೂಕು ಬಟ್ಟೆಯ ಸೈಕಲ್, ಕಡಿಮೆ ಸ್ಪಿನ್. ಡಿಟರ್ಜೆಂಟ್ ಮಾಮೂಲಿನ ಅರ್ಧ. ಹೆಚ್ಚಾದರೆ ಒಳಪದರದಲ್ಲಿ ಉಳಿದು ಕೌದಿ ಬಿರುಸಾಗುತ್ತದೆ. ಬ್ಲೀಚ್ ಬೇಡವೇ ಬೇಡ, ಬಟ್ಟೆ ಮೆತ್ತಗಾಗಿಸುವ ಕಂಡೀಷನರೂ ಬೇಡ. ಡ್ರಮ್ಮಿನಲ್ಲಿ ಕೌದಿ ಸಲೀಸಾಗಿ ಹೊರಳುವಷ್ಟು ಜಾಗವಿರಬೇಕು, ತುರುಕುವಂತಿದ್ದರೆ ಆ ಮಷಿನ್ ಸಾಲದು. ನಡುವೆ ಕಂಬವಿರುವ ಮೇಲ್ಬಾಯಿಯ ಮಷಿನ್ನುಗಳು ಬಟ್ಟೆಯನ್ನು ತಿರುಚಿ ಎಳೆಯುತ್ತವೆ, ಕೈಹೊಲಿಗೆಯ ದಾರ ಅಲ್ಲೇ ಕಡಿಯುವುದು. ಅಂಥದ್ದೊಂದೇ ಇದ್ದರೆ ಕೈಯಲ್ಲೇ ಒಗೆಯಿರಿ. ಉಣ್ಣೆ, ರೇಷ್ಮೆ ಇದ್ದರೆ ಹೊಲಿದವರನ್ನು ಕೇಳದೆ ನೀರಿಗೇ ಇಳಿಸಬೇಡಿ.

ಕೈಯಲ್ಲಿ ಒಗೆಯುವಾಗ ಟಬ್ಬಿನ ತಳಕ್ಕೆ ಮೊದಲು ಒಂದು ಹಳೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕೌದಿ. ಅಂಗೈಯಿಂದ ಒತ್ತಿ ಒತ್ತಿ ಹತ್ತು ನಿಮಿಷ. ಉಜ್ಜುವುದಿಲ್ಲ, ಕಲ್ಲಿಗೆ ಬಡಿಯುವುದಿಲ್ಲ, ಹಿಂಡುವುದಿಲ್ಲ. ನೊರೆ ಹೋಗುವ ತನಕ ಮೂರು ನಾಲ್ಕು ನೀರು. ಎತ್ತುವಾಗ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಇಬ್ಬರು ಎತ್ತಿ. ನೆನೆದ ಹತ್ತಿ ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ನೀರು ಹಿಡಿದಿರುತ್ತದೆ. ಒಂದು ಮೂಲೆ ಹಿಡಿದು ಸೊಯ್ಯನೆ ಎಳೆದರೆ ಅಷ್ಟೂ ಭಾರ ಆ ಮೂಲೆಯ ಹೊಲಿಗೆಗಳ ಮೇಲೆ ಬಿದ್ದು ‘ಪಟಪಟ’ ಎಂದು ಬಿಟ್ಟುಕೊಳ್ಳುತ್ತವೆ.

ಒಣಗಿಸುವಾಗಲೂ ಇದೇ ಭಾರದ ಮಾತು. ಒಂದೇ ತಂತಿಯ ಮೇಲೆ ಕ್ಲಿಪ್ಪು ಹಾಕಿ ನೇತುಹಾಕಬೇಡಿ. ಎರಡು ತಂತಿಗಳನ್ನು ಎರಡಡಿ ದೂರ ಕಟ್ಟಿ ಅವುಗಳ ಮೇಲೆ ಹಾಸಿದ ಹಾಗೆ ಹಾಕಿ, ಇಲ್ಲವೇ ಮಂಚದ ಮೇಲೆ ಹರಡಿ. ಅಸ್ತರು ಮೇಲಿರಲಿ, ನೆರಳಿರಲಿ, ಗಾಳಿಯಾಡಲಿ. ಎರಡು ಮೂರು ಗಂಟೆಗೊಮ್ಮೆ ಮಗುಚಿ. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗಿನ ಹತ್ತಿ ಮಾತ್ರ ಒದ್ದೆ. ಕೌದಿಯ ನಟ್ಟನಡುವೆ ಒಂದು ಹಿಡಿ ಹಿಡಿದು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಕಿದರೆ ಇನ್ನೂ ತೇವವಿದೆ. ಆ ತೇವದಲ್ಲೇ ಮಡಚಿಟ್ಟರೆ ವಾರದೊಳಗೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು.

ಮೊದಲ ಒಗೆತದ ನಂತರ ಕೌದಿ ಸುಕ್ಕುಸುಕ್ಕಾಗಿ, ಸ್ವಲ್ಪ ಕಿರಿದಾಗಿ ಬಂದರೆ ಹೆದರಬೇಡಿ. ಒಗೆಯದ ಹತ್ತಿ ಶೇ 3ರಿಂದ 5ರಷ್ಟು ಕುಗ್ಗುವುದು ಮಾಮೂಲು. 80 ಇಂಚಿನದು ಎರಡೂವರೆಯಿಂದ ನಾಲ್ಕು ಇಂಚು ಕಡಿಮೆಯಾದೀತು. ಹೊಲಿಗೆ ಹಿಡಿದಲ್ಲಿ ತಗ್ಗಿ, ಬಿಟ್ಟಲ್ಲಿ ಉಬ್ಬಿ ನಿಲ್ಲುವ ಆ ಸುಕ್ಕನ್ನು ಹೊಲಿಯುವವರೇ ಬಯಸುತ್ತಾರೆ, ಸಣ್ಣಪುಟ್ಟ ಓರೆಕೋರೆಗಳೂ ಅದರಲ್ಲಿ ಮರೆಯಾಗುತ್ತವೆ. ಇಸ್ತ್ರಿ ಹಾಕಿ ಅದನ್ನು ಚಪ್ಪಟೆ ಮಾಡಬೇಡಿ; ಒಳಗೆ ಪಾಲಿಯೆಸ್ಟರ್ ಇದ್ದರಂತೂ ಬಿಸಿಗೆ ಕರಗಿ ಹೆಪ್ಪುಗಟ್ಟಿ ಕೌದಿಯೇ ಹಾಳಾಗುತ್ತದೆ.

ಬಳಸುತ್ತಿದ್ದ ಹಾಗೆ ಅಲ್ಲಲ್ಲಿ ದಾರದ ತುದಿ ಹೊರಬರುತ್ತದೆ. ಎಳೆಯಬೇಡಿ, ಕತ್ತರಿಸಲೂಬೇಡಿ. ಎಳೆದರೆ ಸಾಲಿಗೆ ಸಾಲೇ ನೆರಿಗೆಗಟ್ಟುತ್ತದೆ, ಕತ್ತರಿಸಿದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ತುದಿಯನ್ನು ಸೂಜಿಗೆ ಪೋಣಿಸಿ, ಅದು ಹೊರಬಂದ ತೂತಿನಲ್ಲೇ ಚುಚ್ಚಿ, ಒಂದಿಂಚು ಒಳಗೊಳಗೇ ಸಾಗಿಸಿ ಹೊರತೆಗೆದು, ಬಟ್ಟೆಯ ಮಟ್ಟಕ್ಕೆ ಕತ್ತರಿಸಿದರೆ ಮೊನೆ ಒಳಗೆ ಸೇರಿಕೊಳ್ಳುತ್ತದೆ. ಬಟ್ಟೆಯ ನೇಯ್ಗೆಯಿಂದ ಬಿಳಿ ಹತ್ತಿಯೆಳೆ ಇಣುಕಿದರೂ ಇದೇ ನಿಯಮ, ಎಳೆದಷ್ಟೂ ಇನ್ನಷ್ಟು ಬರುತ್ತದೆ. ಎರಡು ತುಂಡುಗಳ ನಡುವಿನ ಜೋಡು ಬಿಟ್ಟಿದ್ದರೆ ಎರಡೂ ಅಂಚನ್ನು ಒಳಕ್ಕೆ ಮಡಚಿ, ಈ ಮಡಿಕೆಯೊಳಗೆ ಒಂದು ಕಾಳಿನಷ್ಟು, ಆ ಮಡಿಕೆಯೊಳಗೆ ಒಂದು ಕಾಳಿನಷ್ಟು ಎಂದು ಸೂಜಿ ಆಡಿಸಿ ಬಿಗಿದರೆ ದಾರ ಹೊರಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಮೊದಲು ಸವೆಯುವುದು ಸುತ್ತಲಿನ ಅಂಚುಪಟ್ಟಿ, ಅದರಲ್ಲೂ ಕುತ್ತಿಗೆಯ ಹತ್ತಿರ ಎಳೆದುಕೊಳ್ಳುವ ಬದಿ. 60 ಮತ್ತು 80ರ ಕೌದಿಗೆ ಸುತ್ತಳತೆ 280 ಇಂಚು. ಎರಡೂವರೆ ಇಂಚು ಅಗಲದ ಪಟ್ಟಿಯನ್ನು 295 ಇಂಚಿನಷ್ಟು ಜೋಡಿಸಿಕೊಂಡು, ಉದ್ದಕ್ಕೆ ಎರಡಾಗಿ ಮಡಚಿ ಕಟ್ಟಿದರೆ ಹೊಸ ಅಂಚು. ಹಳೆಯದನ್ನು ಬಿಚ್ಚದೆ ಅದರ ಮೇಲೆಯೇ ಕಟ್ಟಿದರೂ ನಡೆಯುತ್ತದೆ, ಅಂಚು ತುಸು ದಪ್ಪವಾದೀತು.

ಚಳಿಗಾಲ ಮುಗಿದು ಎತ್ತಿಡಬೇಕಾದಾಗ ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತಿಯ ದಿಂಬಿನ ಕವರು ಸಾಕು. ಬಣ್ಣ, ಪಾಲಿಶ್ ಇಲ್ಲದ ಬರಿಯ ಮರಕ್ಕೆ ನೇರವಾಗಿ ತಾಗಿದರೆ ಬಟ್ಟೆ ಹಳದಿಯಾಗುತ್ತದೆ, ನಡುವೆ ಒಂದು ಬಟ್ಟೆ ಹಾಸಿ. ಗಂಜಿ ಇದ್ದರೆ ತೊಳೆದಿಡಿ, ಹುಳಕ್ಕೆ ಅದೇ ಆಹಾರ. ನುಸಿಗುಳಿಗೆ ಬಟ್ಟೆಗೆ ತಾಕದಿರಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಚಿ, ಹಿಂದೆ ಎರಡಾಗಿ ಮಡಚಿದ್ದರೆ ಈಗ ಮೂರಾಗಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ನೂಲು ಅಲ್ಲೇ ತುಂಡಾಗುತ್ತದೆ. ಇದೆಲ್ಲ ರಗಳೆ ಅನ್ನಿಸಿದರೆ ಬಳಸದ ಮಂಚದ ಮೇಲೆ ಹಾಸಿಬಿಡಿ.

ಹುಟ್ಟಿದ ಮಗುವಿಗೆಂದು ಬಂದ ಪುಟ್ಟ ಕೌದಿಯ ವಿಷಯದಲ್ಲಿ ಮಾತ್ರ ಮೇಲಿನ “ಹೊದೆಯಿರಿ” ಎಂಬ ಮಾತು ಸಲ್ಲದು. ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು ಇರಬಾರದು, ಮುಖದ ಮೇಲೆ ಸರಿದು ಉಸಿರು ಕಟ್ಟುವ ಅಪಾಯವಿದೆ ಎಂದು ಮಕ್ಕಳ ವೈದ್ಯರು ಒತ್ತಿ ಹೇಳುತ್ತಾರೆ. ನೆಲಕ್ಕೆ ಹಾಸಿ, ಮಗು ಎಚ್ಚರವಿದ್ದಾಗ, ಯಾರಾದರೂ ಪಕ್ಕದಲ್ಲಿದ್ದು, ಅದರ ಮೇಲೆ ಬೋರಲು ಮಲಗಿಸಿ ಆಡಿಸಿ. ಗುಂಡಿ, ಮಣಿ ಇದ್ದರೆ ಬಿಚ್ಚಿ ತೆಗೆದಿಡಿ.

ತೀರಿಹೋದವರ ಬಟ್ಟೆಯಿಂದ ಹೊಲಿದ ಕೌದಿ ಬಂದಾಗ ಇನ್ನೊಂದು ಬಗೆಯ ಕಷ್ಟ. ಅಪ್ಪನ ಅಂಗಿಗಳು, ಅಮ್ಮನ ಸೀರೆ. ಬಲ್ಲವರು ಅಂಗಿಯ ಜೇಬನ್ನು ಬಿಚ್ಚದೆ ಹಾಗೇ ತುಂಡಿನಲ್ಲಿ ಉಳಿಸಿರುತ್ತಾರೆ, ಕೌದಿಯ ಮೇಲೆ ಕೈಯಾಡಿಸುವಾಗ ಬೆರಳು ಅದರೊಳಗೆ ಇಳಿಯುತ್ತದೆ. ಅಂಥದ್ದನ್ನು ಬಿಚ್ಚಿ ನೋಡಲು ಕೆಲವರಿಗೆ ಆಗುವುದಿಲ್ಲ, ತಿಂಗಳುಗಳೇ ಬೇಕಾಗುತ್ತವೆ. ತಪ್ಪೇನಿಲ್ಲ, ಕೊಟ್ಟವರಿಗೆ ಅಷ್ಟು ಮಾತ್ರ ತಿಳಿಸಿಬಿಡಿ: “ಈಗ ನೋಡೋಕೆ ಆಗ್ತಿಲ್ಲ, ನೋಡಿದ ದಿನ ಫೋನ್ ಮಾಡ್ತೀನಿ.” ಸುಮ್ಮನಿದ್ದರೆ ಅವರು ಇಷ್ಟವಾಗಲಿಲ್ಲವೇನೋ ಎಂದು ಕೊರಗುತ್ತಾರೆ. ಬಟ್ಟೆಯಲ್ಲಿ ಆ ವ್ಯಕ್ತಿಯ ವಾಸನೆ ಉಳಿದಿದ್ದರೆ ಒಗೆದಾಗ ಹೋಗುತ್ತದೆ. ಅದು ಬೇಕೆನ್ನುವವರು ಕೌದಿಗೆ ಬಟ್ಟೆ ಕೊಡುವ ಮೊದಲೇ ಒಂದು ಉಡುಪನ್ನು ಬೇರೆ ಇಟ್ಟುಕೊಳ್ಳಬೇಕು. ಇಂಥ ಕೌದಿಗಳು ಗಟ್ಟಿಯೂ ಇರುವುದಿಲ್ಲ. ಟೀಶರ್ಟಿನ ಬಟ್ಟೆ ಹಿಗ್ಗುತ್ತದೆ, ಹಿಂದೆ ಅಂಟಿಸುವ ಕ್ಯಾನ್‌ವಾಸ್ ಹಾಕದಿದ್ದರೆ ಜೋಲುತ್ತದೆ. ಹಳೆ ರೇಷ್ಮೆ ಹೊಲಿಗೆಯ ಸಾಲಿನಲ್ಲೇ ಸೀಳುತ್ತದೆ, ಜರಿಯಂಚು ಪಕ್ಕದ ಮೆತ್ತನೆಯ ಬಟ್ಟೆಯನ್ನು ತರಿಯುತ್ತದೆ. ಇವನ್ನು ದಿನಾ ಹೊದೆಯುವ ಬದಲು ಮಂಚದ ಕಾಲ್ದೆಸೆಗೆ ಹಾಸುವುದು ಮೇಲು.

ಕೊಟ್ಟವರಿಗೆ ಫೋಟೋ ಕಳಿಸುವುದಾದರೆ ಮಡಚಿಟ್ಟ ಕೌದಿಯದಲ್ಲ, ಅದರಡಿ ಯಾರಾದರೂ ನಿದ್ದೆ ಹೋಗಿರುವಾಗಿನದು. ಫ್ಲ್ಯಾಶ್ ಬೇಡ, ಪಕ್ಕದ ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಹೊಲಿಗೆಯ ಉಬ್ಬುತಗ್ಗು ಚೆನ್ನಾಗಿ ಮೂಡುತ್ತದೆ. ಉಡುಗೊರೆ ಬಂದ ದಿನ ಒಂದು ಕಳಿಸಿ, ವರ್ಷದ ಮೇಲೆ ಬಣ್ಣ ಸ್ವಲ್ಪ ಮಾಸಿದಾಗ ಇನ್ನೊಂದು. ಎರಡನೆಯದಕ್ಕೇ ಅವರು ಹೆಚ್ಚು ಹಿಗ್ಗುವುದು.

ಅಂಚು ಎರಡು ಮೂರು ಸಲ ಬದಲಾಗಿ, ನಡುವೆಯೂ ಬಟ್ಟೆ ಜಾಳಾದ ಮೇಲೆ ಏನು ಮಾಡುವುದು? ಗಟ್ಟಿಯಿರುವ ಭಾಗವನ್ನು ದಿಂಬಿನ ಕವರಿಗೋ ಕೂರುವ ಹಾಸಿಗೋ ಕತ್ತರಿಸಿಕೊಳ್ಳಬಹುದು. ಆದರೆ ಕತ್ತರಿಸುವ ಗೆರೆಯ ಎರಡೂ ಕಡೆ ಕಾಲಿಂಚು ಬಿಟ್ಟು ಮೊದಲು ಮಷಿನ್ ಹೊಲಿಗೆ ಹಾಕಿ, ಇಲ್ಲದಿದ್ದರೆ ಕೈಹೊಲಿಗೆಯೆಲ್ಲ ತುದಿಯಿಂದ ಬಿಚ್ಚುತ್ತ ಹೋಗುತ್ತದೆ. ಇನ್ನೊಂದು ದಾರಿ, ಹೊಲಿದವರಿಗೇ ಹೇಳುವುದು. ಹಳೆ ಕೌದಿಯನ್ನು ಹಾಗೇ ನಡುವಿನ ಪದರವಾಗಿಟ್ಟು, ಮೇಲೆ ಕೆಳಗೆ ಹೊಸ ಬಟ್ಟೆ ಹಾಕಿ ಇನ್ನೊಂದು ಕೌದಿ ಮಾಡಲು ಬರುತ್ತದೆ. ಅಷ್ಟು ಪದರಗಳಲ್ಲಿ ಸೂಜಿ ಸಲೀಸಾಗಿ ಓಡುವುದಿಲ್ಲ. ಆದ್ದರಿಂದ ಸಾಲು ಹೊಲಿಗೆಯ ಗೊಡವೆಗೆ ಹೋಗದೆ, ನಾಲ್ಕು ನಾಲ್ಕು ಇಂಚಿಗೆ ಒಂದರಂತೆ ದಪ್ಪ ದಾರವನ್ನು ಮೇಲಿಂದ ಕೆಳಕ್ಕೆ ದಾಟಿಸಿ, ಮತ್ತೆ ಮೇಲೆ ತಂದು, ಎರಡು ಗಂಟು ಬಿಗಿದು, ಅರ್ಧ ಇಂಚು ತುದಿ ಬಿಟ್ಟು ಕತ್ತರಿಸುತ್ತಾರೆ.